ಚಳಿಗಾಲದ ಬೆಳಗು: ತಾಯಿಯ ಓಟ, ಮನೆಮಂದಿಯ ವಿಹಾರ

ಮಾರ್ಗಶಿರ, ಪುಷ್ಯ ಮಾಸಗಳು ಬಂದವೆಂದರೆ ನಮ್ಮ ನಾಡಿನಲ್ಲಿ, ಅದರಲ್ಲಿಯೂ ಧಾರವಾಡ, ವಿಜಯಪುರ, ಕಲಬುರಗಿ, ಬೀದರ ಸೀಮೆಗಳಲ್ಲಿ, ಬೆಳಗಿನ ಚಳಿ ಮೈ ನಡುಗಿಸುತ್ತದೆ. ಕೆಲವು ದಿನ ಉಷ್ಣಾಂಶವು 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುವುದುಂಟು. ಆದರೂ ನಡೆಯಲು, ಓಡಲು, ಮಕ್ಕಳೊಡನೆ ಹೊಲ, ಕೆರೆ, ಕೋಟೆಗಳನ್ನು ನೋಡಿಬರಲು ವರ್ಷದಲ್ಲಿ ಇದಕ್ಕಿಂತ ಹಿತವಾದ ಕಾಲ ಮತ್ತೊಂದಿಲ್ಲ. ಬಿಸಿಲು ಸುಡುವುದಿಲ್ಲ, ಮಳೆ ಕಾಡುವುದಿಲ್ಲ. ಇಂತಹ ಕಾಲದಲ್ಲಿ ಮನೆಯ ಒಳಗೇ ಉಳಿದುಬಿಡುವವರು ಯಾರು ಎಂದು ನೋಡಿದರೆ, ಬಹುತೇಕ ಮನೆಗಳಲ್ಲಿ ಅವರು ಎಳೆಯ ಕೂಸಿನ ತಾಯಂದಿರು.

ಕಳೆದ ವರ್ಷ ಇದೇ ಹೊತ್ತಿಗೆ ಧಾರವಾಡದ ಕಡೆಯ ಒಬ್ಬ ತರುಣಿ ತನ್ನ ಅತ್ತೆಯವರೊಡನೆ ನಮ್ಮಲ್ಲಿಗೆ ಸಲಹೆ ಕೇಳಲು ಬಂದಿದ್ದರು. ವೃತ್ತಿಯಿಂದ ಶಿಕ್ಷಕಿ, ಮಡಿಲಲ್ಲಿ ಏಳು ತಿಂಗಳ ಕೂಸು. ಕಾಲೇಜಿನ ದಿನಗಳಿಂದಲೂ ಓಡುವ ರೂಢಿ ಇಟ್ಟುಕೊಂಡಿದ್ದವರು. ಕೆಲಗೇರಿ ಕೆರೆಯ ದಂಡೆಯಲ್ಲಿ ಮತ್ತೆ ಬೆಳಗಿನ ಓಟ ಆರಂಭಿಸಬೇಕೆಂಬುದು ಅವರ ಆಸೆ. ಅತ್ತೆಯವರ ಅಂಜಿಕೆ ಬೇರೆಯೇ ಆಗಿತ್ತು. "ಥಂಡ್ಯಾಗ ಓಡಿದ್ರ ಎದಿಹಾಲು ತಂಪ ಆಗ್ತದ್ರಿ, ಕೂಸಿಗೆ ನೆಗಡಿ ಹಿಡೀತದ" ಎಂದರು. ಸೊಸೆ ಮರುಮಾತಾಡಲಿಲ್ಲ. ಅತ್ತೆಯವರು ಕೂಸನ್ನೆತ್ತಿಕೊಂಡು ಹೊರಗೆ ಹೋದ ಮೇಲೆ ಆಕೆ ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಹೆರಿಗೆಯಾಗಿ ಎರಡು ತಿಂಗಳೂ ಕಳೆಯದಿದ್ದಾಗ ಒಮ್ಮೆ ಓಡಲು ಹೋಗಿದ್ದರಂತೆ. ಹತ್ತು ಹೆಜ್ಜೆ ಓಡುವಷ್ಟರಲ್ಲಿ ಮೂತ್ರ ಸೋರಿತು. ನಾಚಿಕೆಯಿಂದ ಮರಳಿದವರು ಆ ಸಂಗತಿಯನ್ನು ಗಂಡನಿಗೂ, ತಾಯಿಗೂ ಹೇಳಿರಲಿಲ್ಲ.

ಅತ್ತೆ ಅಂಜಿದ್ದು ಇಲ್ಲದ ಅಪಾಯಕ್ಕೆ. ಸೊಸೆ ಮುಚ್ಚಿಟ್ಟದ್ದು ನಿಜವಾಗಿ ಇದ್ದ ತೊಂದರೆಯನ್ನು. ನಾವು ಕಾಣುವ ಬಹಳಷ್ಟು ಮನೆಗಳ ಕಥೆ ಇದೇ ಆಗಿರುವುದರಿಂದ, ಈ ಎರಡನ್ನೂ ಬಿಡಿಸಿ ಹೇಳುವುದು ಈ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಉಚಿತವೆಂದು ಭಾವಿಸಿದ್ದೇವೆ.

ಚಳಿಯು ಎದೆಹಾಲಿಗೆ ಇಳಿಯುವುದೇ?

ಇಳಿಯುವುದಿಲ್ಲ. ಹೊರಗೆ ಎಷ್ಟೇ ಚಳಿಯಿದ್ದರೂ ಆರೋಗ್ಯವಂತರ ದೇಹದ ಒಳಗಿನ ಉಷ್ಣತೆಯು 37 ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಹಾಲು ಉತ್ಪತ್ತಿಯಾಗುವುದು ಆ ಬೆಚ್ಚನೆಯ ದೇಹದೊಳಗೆ, ರಕ್ತದಿಂದ ದೊರೆತ ಸತ್ವದಿಂದ. ತಾಯಿ ತಣ್ಣನೆಯ ಗಾಳಿಯಲ್ಲಿ ನಡೆದರೂ, ತಣ್ಣೀರು ಕುಡಿದರೂ ಕೂಸಿನ ಬಾಯಿಗೆ ಬರುವ ಹಾಲು ಬೆಚ್ಚಗೇ ಇರುತ್ತದೆ. ಓಡಿದಾಗ ದೇಹವು ಮತ್ತಷ್ಟು ಶಾಖವನ್ನು ಉತ್ಪಾದಿಸುತ್ತದೆಯೇ ಹೊರತು ತಂಪಾಗುವುದಿಲ್ಲ.

ನೆಗಡಿಗೆ ಕಾರಣ ವೈರಾಣು. ಚಳಿಗಾಲದಲ್ಲಿ ಜನರು ಬಾಗಿಲು, ಕಿಟಕಿಗಳನ್ನು ಮುಚ್ಚಿಕೊಂಡು ಒಂದೆಡೆ ಸೇರುವುದರಿಂದ ಅದು ಒಬ್ಬರಿಂದ ಒಬ್ಬರಿಗೆ ಬೇಗ ಹರಡುತ್ತದೆ. ಕೂಸಿಗೆ ನೆಗಡಿ ತಗಲುವುದು ಸಾಮಾನ್ಯವಾಗಿ ಮನೆಯಲ್ಲಿ ಕೆಮ್ಮುವವರ ಉಸಿರಿನಿಂದ, ತೊಳೆಯದ ಕೈಗಳಿಂದ, ಬಂದವರೆಲ್ಲ ಮುದ್ದಿಸಿ ಮುತ್ತಿಡುವುದರಿಂದ. ಎದೆಹಾಲಾದರೋ ರೋಗದೊಡನೆ ಹೋರಾಡುವ ಪ್ರತಿಕಾಯಗಳನ್ನು ಕೂಸಿಗೆ ಒದಗಿಸುತ್ತದೆ. ತಾಯಿಗೆ ಸ್ವತಃ ನೆಗಡಿಯಾಗಿದ್ದರೂ ಹಾಲುಣಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಕೈ ತೊಳೆದು, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಉಣಿಸಿದರೆ ಸಾಕು.

ವ್ಯಾಯಾಮದಿಂದ ಹಾಲು ಕಡಿಮೆಯಾಗುವುದೆಂಬ ಶಂಕೆಯನ್ನೂ ಕೆಲವರು ವ್ಯಕ್ತಪಡಿಸುತ್ತಾರೆ. ಮಿತವಾದ ವ್ಯಾಯಾಮದಿಂದ ಹಾಲಿನ ಪ್ರಮಾಣವಾಗಲಿ, ಗುಣವಾಗಲಿ, ಕೂಸಿನ ಬೆಳವಣಿಗೆಯಾಗಲಿ ಕುಂದುವುದಿಲ್ಲ. ಊಟವನ್ನು ಕಡಿಮೆ ಮಾಡಿ, ನೀರನ್ನೂ ಕುಡಿಯದೆ ಓಡಿದರೆ ಮಾತ್ರ ತಾಯಿ ಬಳಲುತ್ತಾಳೆ. ಓಟಕ್ಕೆ ಹೊರಡುವ ಮೊದಲು ಕೂಸಿಗೆ ಹಾಲುಣಿಸಿದರೆ ಎದೆಯ ಭಾರವೂ ಇಳಿಯುತ್ತದೆ, ಕೂಸೂ ನೆಮ್ಮದಿಯಿಂದ ಮಲಗುತ್ತದೆ.

ಬಾಣಂತನದ ಪದ್ಧತಿಗಳೆಲ್ಲ ವ್ಯರ್ಥವೆಂದು ನಾವು ಹೇಳುವುದಿಲ್ಲ. ತಾಯಿಗೆ ವಿಶ್ರಾಂತಿ ಕೊಡಿಸುವುದು, ಎಣ್ಣೆ ನೀರು ಹಾಕುವುದು, ಪುಷ್ಟಿಯಾದ ಆಹಾರವನ್ನು ಬಿಸಿಬಿಸಿಯಾಗಿ ಬಡಿಸುವುದು, ಕಂಡವರೆಲ್ಲ ಕೂಸನ್ನು ಮುಟ್ಟದಂತೆ ಕಾಯುವುದು, ಇವೆಲ್ಲ ಹಿರಿಯರ ಅನುಭವದಿಂದ ಬಂದ ಒಳ್ಳೆಯ ನಡೆಗಳು. ಆದರೆ ನೀರನ್ನು ಅಳೆದು ಕೊಡುವುದು ಸಲ್ಲದು. ಹಾಲುಣಿಸುವ ತಾಯಿಗೆ ನೀರು ಧಾರಾಳವಾಗಿ ಬೇಕು. ಮುಚ್ಚಿದ ಕೋಣೆಯಲ್ಲಿ ಮಂಚದ ಕೆಳಗೆ ಕೆಂಡವಿಡುವುದಂತೂ ಅಪಾಯಕರ. ಉರಿಯುವ ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಕಸಿದುಕೊಂಡು ನಿದ್ದೆಯಲ್ಲಿಯೇ ಪ್ರಾಣ ತೆಗೆಯಬಲ್ಲದು. ಕೋಣೆ ಬೆಚ್ಚಗಿರಬೇಕಾದರೆ ದಪ್ಪ ಹೊದಿಕೆ ಸಾಕು, ಕೆಂಡ ಬೇಡ.

ಹೆರಿಗೆಯ ನಂತರ ದೇಹ ಕೇಳುವ ಕಾಲ

ಚಳಿಯ ಅಂಜಿಕೆ ನಿರಾಧಾರವೆಂದ ಮಾತ್ರಕ್ಕೆ ಹೆರಿಗೆಯಾದ ತಿಂಗಳೊಪ್ಪತ್ತಿನಲ್ಲಿಯೇ ಓಡಬಹುದೆಂದು ಅರ್ಥವಲ್ಲ. ಗರ್ಭಕೋಶ, ಮೂತ್ರಕೋಶ, ಮಲಾಶಯಗಳನ್ನು ಕೆಳಗಿನಿಂದ ತೊಟ್ಟಿಲಿನಂತೆ ಹೊತ್ತಿರುವ ಒಂದು ಸ್ನಾಯುಪದರವಿದೆ. ಒಂಬತ್ತು ತಿಂಗಳ ಭಾರವನ್ನು ಹೊತ್ತು, ಹೆರಿಗೆಯಲ್ಲಿ ಮಿತಿಮೀರಿ ಹಿಗ್ಗಿ ಅದು ದಣಿದಿರುತ್ತದೆ. ಹೊಟ್ಟೆಯ ಮುಂಭಾಗದ ಸ್ನಾಯುಗಳು ನಡುವೆ ಸೀಳಿದಂತೆ ಅಗಲಿರುತ್ತವೆ. ಸೊಂಟದ ಕೀಲುಗಳ ಬಂಧಗಳೂ ಸಡಿಲಗೊಂಡಿರುತ್ತವೆ. ನಡೆಯುವಾಗ ಒಂದು ಕಾಲು ಸದಾ ನೆಲದ ಮೇಲಿರುತ್ತದೆ. ಓಡುವಾಗ ದೇಹವೆಲ್ಲ ಕ್ಷಣಕಾಲ ನೆಲ ಬಿಟ್ಟು ಒಂದೇ ಕಾಲಿನ ಮೇಲೆ ಬೀಳುತ್ತದೆ. ಆ ಬಡಿತ ಪ್ರತಿ ಹೆಜ್ಜೆಗೂ ದಣಿದ ತೊಟ್ಟಿಲಿಗೆ ತಟ್ಟುತ್ತದೆ. ಆ ಶಿಕ್ಷಕಿಗೆ ಆದದ್ದು ಇದೇ.

ಸಿಸೇರಿಯನ್ ಆದವರಿಗೆ ಹೊರಗಿನ ಗಾಯ ಬೇಗ ಮಾಯ್ದಂತೆ ಕಾಣುತ್ತದೆ. ಒಳಗಿನ ಪದರವಾದರೋ ಆರು ವಾರಗಳ ಹೊತ್ತಿಗೆ ಮೊದಲಿನ ಬಲದಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಮಾತ್ರ ಗಳಿಸಿರುತ್ತದೆ; ಆರೇಳು ತಿಂಗಳು ಕಳೆದರೂ ಪೂರ್ಣಬಲ ಮರಳಿರುವುದಿಲ್ಲ. ಆದ್ದರಿಂದ ಅವರು ಇನ್ನಷ್ಟು ತಾಳ್ಮೆಯಿಂದಿರಬೇಕು.

ಬ್ರಿಟನ್ನಿನ ಫಿಸಿಯೋಥೆರಪಿ ತಜ್ಞರು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಹೆರಿಗೆಯಾದ ಮೂರು ತಿಂಗಳಿಗೆ ಮೊದಲು ಓಟವನ್ನು ಆರಂಭಿಸಬಾರದೆಂದು ಹೇಳುತ್ತದೆ. ಮೂರು ತಿಂಗಳೆಂಬುದು ಎಲ್ಲರೂ ಓಡಲೇಬೇಕಾದ ಗಡುವಲ್ಲ. ಅದಕ್ಕಿಂತ ಮುಂಚೆ ಬೇಡವೆಂಬ ಎಲ್ಲೆ. ಕೆಲವರಿಗೆ ಆರು ತಿಂಗಳು, ಕೆಲವರಿಗೆ ವರ್ಷವೇ ಬೇಕಾಗಬಹುದು.

ಜಗತ್ತಿನ ಶ್ರೇಷ್ಠ ಓಟಗಾರ್ತಿಯರನ್ನೇ ನೋಡೋಣ. ಜಮೈಕಾದ ಶೆಲ್ಲಿ-ಆನ್ ಫ್ರೇಸರ್-ಪ್ರೈಸ್ 2017ರ ಆಗಸ್ಟ್ ತಿಂಗಳಲ್ಲಿ ತಾಯಿಯಾದರು; 2019ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 100 ಮೀಟರ್ ಓಟವನ್ನು ಗೆದ್ದರು. ನಮ್ಮವರೇ ಆದ ಪಿ. ಟಿ. ಉಷಾ ತಾಯಿಯಾದ ಕೆಲವು ವರ್ಷಗಳ ನಂತರ, 1998ರಲ್ಲಿ ಜಪಾನಿನ ಫುಕುವೋಕಾದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಪದಕಗಳನ್ನು ಪಡೆದರು. ತಾಯ್ತನದೊಡನೆ ಓಟ ಮುಗಿಯುವುದಿಲ್ಲವೆಂಬುದಕ್ಕೆ ಇವರು ಸಾಕ್ಷಿ. ತರಬೇತಿದಾರರೂ ವೈದ್ಯರೂ ಬೆನ್ನಿಗಿದ್ದವರಿಗೇ ಇಷ್ಟು ಕಾಲ ಹಿಡಿದಿರುವಾಗ, ಅಡುಗೆ, ನೌಕರಿ, ಕೂಸಿನ ನಿದ್ದೆಗೆಟ್ಟ ರಾತ್ರಿಗಳ ನಡುವೆ ಓಡಲು ಬಯಸುವ ನಮ್ಮ ಹೆಣ್ಣುಮಕ್ಕಳು ಅವಸರಪಡಬೇಕಾದ ಕಾರಣವೇ ಇಲ್ಲ.

ನಡಿಗೆಯಿಂದ ಓಟದ ಕಡೆಗೆ

ಸಹಜ ಹೆರಿಗೆಯಾಗಿ ತೊಡಕುಗಳಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಮನೆಯ ಅಂಗಳದಲ್ಲಿ ಅಡ್ಡಾಡಲು ಆರಂಭಿಸಬಹುದು. ಮೊದಲ ದಿನಗಳಿಂದಲೇ ಮಾಡಬಹುದಾದ ಇನ್ನೊಂದು ಅಭ್ಯಾಸವಿದೆ. ಮೂತ್ರವನ್ನೂ ವಾಯುವನ್ನೂ ತಡೆಹಿಡಿಯುವಾಗ ಯಾವ ಸ್ನಾಯುಗಳನ್ನು ಬಿಗಿಯುತ್ತೇವೆಯೋ ಅವನ್ನು ಮೇಲಕ್ಕೆಳೆದಂತೆ ಬಿಗಿಹಿಡಿದು, ಕೆಲವು ಕ್ಷಣ ಇದ್ದು, ಪೂರ್ತಿಯಾಗಿ ಸಡಿಲಿಸಬೇಕು. ಹೀಗೆ 8ರಿಂದ 10 ಸಲ, ದಿನಕ್ಕೆ ಮೂರು ಬಾರಿ, ಕನಿಷ್ಠ ಮೂರು ತಿಂಗಳು ಮಾಡಬೇಕು. ಉಸಿರು ಕಟ್ಟಬಾರದು; ಮೂತ್ರ ವಿಸರ್ಜಿಸುತ್ತಿರುವಾಗ ಇದನ್ನು ಅಭ್ಯಾಸ ಮಾಡಬಾರದು. ಹಾಲುಣಿಸುತ್ತ ಕುಳಿತಾಗ ಯಾರಿಗೂ ತಿಳಿಯದಂತೆ ಮಾಡಬಹುದಾದ ವ್ಯಾಯಾಮವಿದು.

ಹೆರಿಗೆಯಾದ ಆರು ವಾರಗಳ ಸುಮಾರಿಗೆ ವೈದ್ಯರಿಂದ ಒಮ್ಮೆ ತಪಾಸಣೆ ಮಾಡಿಸಿಕೊಂಡು ನಡಿಗೆಯನ್ನು ಬೆಳೆಸಬೇಕು. ಹಾಲುಣಿಸುವ ತಾಯಂದಿರೂ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ದಿನಕ್ಕೆ 30 ನಿಮಿಷದಂತೆ ವಾರಕ್ಕೆ ಐದು ದಿನ ಚುರುಕಾಗಿ ನಡೆದರೆ ಇದು ಪೂರೈಸುತ್ತದೆ. ಓಡಲಾಗದವರು ನಡಿಗೆಯಲ್ಲಿಯೇ ನಿಂತರೂ ನಷ್ಟವೇನಿಲ್ಲ.

ಓಡಬೇಕೆಂಬ ಇಚ್ಛೆಯಿರುವವರು ಮೂರು ತಿಂಗಳು ಕಳೆದ ಮೇಲೆ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಬಹುದು. ನೋವಿಲ್ಲದೆ 30 ನಿಮಿಷ ನಡೆಯುವುದು, ಒಂದೊಂದೇ ಕಾಲಿನ ಮೇಲೆ 10 ಸೆಕೆಂಡು ನಿಲ್ಲುವುದು, ನಿಂತಲ್ಲಿಯೇ ಒಂದು ನಿಮಿಷ ಓಡುವುದು, ಒಂದೇ ಕಾಲಿನಲ್ಲಿ 10 ಸಲ ಕುಪ್ಪಳಿಸುವುದು, ಇವೆಲ್ಲ ಸಾಧ್ಯವಾಗಬೇಕು. ಇವುಗಳನ್ನು ಮಾಡುವಾಗ ನೋವಾಗಲಿ, ಸೋರಿಕೆಯಾಗಲಿ, ಕೆಳಗೆ ಏನೋ ಜಗ್ಗಿದಂತೆ ಭಾರವಾಗಲಿ ಕಂಡರೆ ದೇಹವಿನ್ನೂ ಸಿದ್ಧವಾಗಿಲ್ಲವೆಂದು ತಿಳಿಯಬೇಕು.

ಆರಂಭದಲ್ಲಿ ಒಂದು ನಿಮಿಷ ಮೆಲ್ಲಗೆ ಓಡಿ ಎರಡು ನಿಮಿಷ ನಡೆಯುವುದು. ಹೀಗೆ ಏಳೆಂಟು ಆವರ್ತನ ಸಾಕು. ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ. ಎರಡು ವಾರ ಸುಸೂತ್ರವಾಗಿ ನಡೆದರೆ ಓಟದ ನಿಮಿಷಗಳನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಬಹುದು. ಓಡುತ್ತಲೇ ಒಂದು ಪೂರ್ಣ ವಾಕ್ಯ ಮಾತಾಡಲು ಸಾಧ್ಯವಾಗುವಷ್ಟೇ ವೇಗವಿರಲಿ. ಕೂಸನ್ನು ಎತ್ತಿಕೊಂಡು, ಅಥವಾ ಎದೆಗೆ ಕಟ್ಟಿಕೊಂಡು ಎಂದಿಗೂ ಓಡಬಾರದು. ಎಳೆಯ ಕತ್ತು ಆ ಕುಲುಕಾಟವನ್ನು ತಡೆಯಲಾರದು.

ಹೇಳಿಕೊಳ್ಳಲಾಗದ ತೊಂದರೆಗಳು

ಕೆಮ್ಮಿದಾಗ, ಸೀನಿದಾಗ, ಓಡಿದಾಗ ಮೂತ್ರ ಸೋರುವುದು ಹೆರಿಗೆಯಾದ ಅನೇಕ ಸ್ತ್ರೀಯರಲ್ಲಿ ಕಾಣುವ ತೊಂದರೆ. ಇದು ಪಾಪವಲ್ಲ, ನಾಚಿಕೆಗೇಡಲ್ಲ. ಹೆಣ್ಣಾದ ಮೇಲೆ ಸಹಿಸಿಕೊಂಡೇ ಬಾಳಬೇಕಾದ ಹಣೆಬರಹವೂ ಅಲ್ಲ. ಮೇಲೆ ಹೇಳಿದ ಅಭ್ಯಾಸದಿಂದ ಬಹುಪಾಲು ಜನರಿಗೆ ಗುಣ ಕಾಣುತ್ತದೆ. ಮೂರು ತಿಂಗಳಾದರೂ ಕಡಿಮೆಯಾಗದಿದ್ದರೆ ಸ್ತ್ರೀರೋಗ ತಜ್ಞರನ್ನಾಗಲಿ, ಫಿಸಿಯೋಥೆರಪಿ ತಜ್ಞರನ್ನಾಗಲಿ ಕಾಣಬೇಕು. ಅತ್ತೆಯಂದಿರೂ ತಾಯಂದಿರೂ ತಾವು ಇದನ್ನು ಅನುಭವಿಸಿದ್ದರೆ ಅದನ್ನು ಮಗಳಿಗೆ, ಸೊಸೆಗೆ ತೆರೆದ ಮನಸ್ಸಿನಿಂದ ಹೇಳಬೇಕೆಂದು ನಮ್ಮ ಕೋರಿಕೆ. ಹಿರಿಯರು ಬಾಯಿ ಬಿಟ್ಟರೆ ಕಿರಿಯರು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ.

ಎರಡನೆಯದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಆಯಾಸ, ಎದ್ದರೆ ತಲೆಸುತ್ತು, ಇವುಗಳನ್ನು ಕೂಸಿನ ಕೆಲಸದ ದಣಿವೆಂದು ತಳ್ಳಿಹಾಕುವುದೇ ಹೆಚ್ಚು. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ, ಓಟ ಆಮೇಲೆ. ಹೆರಿಗೆಯ ನಂತರ 180 ದಿನ ನುಂಗಬೇಕಾದ ಕಬ್ಬಿಣಾಂಶದ ಮಾತ್ರೆಗಳನ್ನು ಸರ್ಕಾರವೇ ಉಚಿತವಾಗಿ ಕೊಡುತ್ತದೆ. ಮನೆಯ ಕಪಾಟಿನಲ್ಲಿ ಉಳಿದುಹೋಗಿದ್ದರೆ ಆಶಾ ಕಾರ್ಯಕರ್ತೆಯರನ್ನು ಕೇಳಿ ಮತ್ತೆ ಆರಂಭಿಸಬೇಕು.

ಮೂರನೆಯದು ಮನಸ್ಸಿನ ಭಾರ. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಅದು ಎರಡು ವಾರ ಮೀರಿ ಉಳಿದರೆ, ಕೂಸಿನ ಮೇಲೆ ಅಕ್ಕರೆಯೇ ಹುಟ್ಟದಿದ್ದರೆ, ಬದುಕೇ ಬೇಡವೆನಿಸಿದರೆ ಅದು ಕಾಯಿಲೆ; ಗಾಳಿ ಸೋಕಿದ್ದೂ ಅಲ್ಲ, ಸೋಮಾರಿತನವೂ ಅಲ್ಲ. ಬೆಳಗಿನ ಬಿಸಿಲು, ನಡಿಗೆ, ಒಡನಾಟಗಳು ಮನಸ್ಸಿಗೆ ಚೇತರಿಕೆ ನೀಡುತ್ತವೆ. ಆದರೆ ಅವು ಚಿಕಿತ್ಸೆಗೆ ನೆರವೇ ಹೊರತು ಚಿಕಿತ್ಸೆಯಲ್ಲ. ವೈದ್ಯರನ್ನು ಕಾಣಬೇಕು, ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಒಂದು ಕಾಲು ಮಾತ್ರ ಬಾತು ನೋಯುವುದು, ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಮತ್ತೆ ಹೆಚ್ಚಾದ ರಕ್ತಸ್ರಾವ, ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು.

ಚಳಿಗಾಲದ ಎಚ್ಚರಗಳು

ಜನವರಿಯಲ್ಲಿ ನಮ್ಮ ಭಾಗದಲ್ಲಿ ಸೂರ್ಯೋದಯವಾಗುವುದು ಏಳು ಗಂಟೆಯ ಆಸುಪಾಸಿಗೆ. ಐದೂವರೆಗೆ ಹೊರಡುವವರು ಕತ್ತಲೆಯಲ್ಲಿ, ಮಂಜಿನಲ್ಲಿ ಓಡುತ್ತಾರೆ. ವಾಹನ ಚಾಲಕರ ಕಣ್ಣಿಗೆ ಕಪ್ಪು ಶಾಲು ಕಾಣುವುದಿಲ್ಲ. ಬೀದಿನಾಯಿಗಳ ಭಯವೂ ಇದೆ. ಎಳೆಯ ತಾಯಂದಿರು ಹೊತ್ತೇರಿದ ಮೇಲೆ, ಏಳೂವರೆಯಿಂದ ಒಂಬತ್ತರ ನಡುವೆ ಹೋಗುವುದು ಲೇಸು. ಇಲ್ಲವೆ ಸಂಜೆ ಐದರ ಹೊತ್ತಿಗೆ. ಚಳಿಗಾಲದ ಬೆಳಗಿನಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂಡುವುದರಿಂದ, ಒಲೆಯ ಹೊಗೆ, ಕಸ ಸುಡುವ ಹೊಗೆ, ವಾಹನಗಳ ಹೊಗೆಗಳು ಮೇಲೇರದೆ ಕೆಳಗೇ ನಿಲ್ಲುತ್ತವೆ. ಬಿಸಿಲೇರಿದಂತೆ ಆ ಮುಚ್ಚಳ ಕರಗುತ್ತದೆ. ತಡವಾಗಿ ಹೊರಡಲು ಇದೂ ಒಂದು ಕಾರಣ.

ತಂಪಿನಲ್ಲಿ ಸ್ನಾಯುಗಳು ಬಿಗಿದಿರುತ್ತವೆ. ಮನೆಯಲ್ಲಿಯೇ ಹತ್ತು ನಿಮಿಷ ಕೈಕಾಲು ಆಡಿಸಿ, ನಡೆದು, ಮೈ ಬೆಚ್ಚಗಾದ ಮೇಲೆ ಓಡಬೇಕು. ತಣ್ಣನೆಯ ಒಣಗಾಳಿಯನ್ನು ಬಾಯಿಂದ ಎಳೆದರೆ ಗಂಟಲು ಕೆರಳುತ್ತದೆ. ಮೂಗಿನಿಂದ ಎಳೆದ ಗಾಳಿ ಬೆಚ್ಚಗಾಗಿ, ತೇವಗೊಂಡು ಒಳಸೇರುತ್ತದೆ. ಉಬ್ಬಸವಿರುವವರು ಮೂಗಿಗೆ ತೆಳುಬಟ್ಟೆ ಕಟ್ಟಿಕೊಂಡು, ವೈದ್ಯರು ಹೇಳಿದ ಇನ್ಹೇಲರನ್ನು ಜೊತೆಗಿಟ್ಟುಕೊಂಡು ಹೋಗಬೇಕು.

ಒಂದೇ ದಪ್ಪ ಸ್ವೆಟರಿಗಿಂತ ತೆಳುವಾದ ಎರಡು ಪದರಗಳು ಮೇಲು. ಮೈ ಬಿಸಿಯಾದಾಗ ಒಂದನ್ನು ತೆಗೆದು ಸೊಂಟಕ್ಕೆ ಕಟ್ಟಬಹುದು. ಬೆವರಿನಿಂದ ತೊಯ್ದ ಬಟ್ಟೆಯಲ್ಲಿ ಕೂಡದೆ, ಮನೆಗೆ ಬಂದೊಡನೆ ಬದಲಿಸಬೇಕು. ಹಾಲುಣಿಸುವವರಿಗೆ ಎದೆಯನ್ನು ಸರಿಯಾಗಿ ಆಧರಿಸುವ, ಆದರೆ ಒತ್ತಿ ಬಿಗಿಯದ ಒಳ ಉಡುಪು ಅಗತ್ಯ. ಗರ್ಭ ಧರಿಸಿದ ಕಾಲದಲ್ಲಿ ಕೆಲವರ ಪಾದದ ಅಳತೆಯೇ ಹೆಚ್ಚುತ್ತದೆ. ಹಳೆಯ ಬೂಟು ಬಿಗಿಯೆನಿಸಿದರೆ ಹೊಸದನ್ನು ಕೊಳ್ಳಬೇಕು. ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ. ಬಾಯಾರದಿದ್ದರೂ ಹೊರಡುವ ಮುನ್ನ ಒಂದು ಲೋಟ, ಬಂದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರು ಕುಡಿಯಬೇಕು.

ತಾಯಿಯ ತಟ್ಟೆ

ಕೂಸಿಗೆ ಮೊದಲ ಆರು ತಿಂಗಳು ಹಾಲುಣಿಸುವ ತಾಯಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲರಿಯಷ್ಟು ಆಹಾರ ಹೆಚ್ಚಾಗಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೇಳುತ್ತದೆ. ಓಡುವವಳಿಗೆ ಅದಕ್ಕಿಂತಲೂ ತುಸು ಹೆಚ್ಚು ಬೇಕು. ಮೈ ಇಳಿಸುವ ಆಸೆಯಿಂದ ಊಟ ಬಿಟ್ಟು ಓಡುವುದು ಎಲುಬುಗಳಿಗೆ ಕೇಡು.

ನಮ್ಮ ಹಿರಿಯರು ಚಳಿಗಾಲದ ಊಟವನ್ನು ಬಲ್ಲವರಾಗಿದ್ದರು. ಸಜ್ಜೆರೊಟ್ಟಿಯಲ್ಲಿ ಕಬ್ಬಿಣದ ಅಂಶ ಅಕ್ಕಿಗಿಂತ ಹೆಚ್ಚು. ಸಿಪ್ಪೆ ತೆಗೆಯದ ಎಳ್ಳಿನಲ್ಲಿ ಸುಣ್ಣದ ಅಂಶ ಧಾರಾಳ. ಶೇಂಗಾ, ಕಡಲೆ, ಹೆಸರು, ಮಡಕೆ ಕಾಳುಗಳಲ್ಲಿ ಪ್ರೋಟೀನ್ ಇದೆ. ಸಸ್ಯಾಹಾರದಲ್ಲಿನ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಊಟದೊಡನೆ ನಿಂಬೆರಸ, ಬೆಟ್ಟದ ನೆಲ್ಲಿ, ಪೇರಲ ಹಣ್ಣು ಇದ್ದರೆ ಅದು ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಹತ್ತುವುದು ತಗ್ಗುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗದೆ ಬೇರೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ರೂಢಿಯಿರುವ ಮನೆಯಲ್ಲಿ ಈ ಮಾತುಗಳೆಲ್ಲ ನಿಷ್ಫಲ. ಹಾಲುಣಿಸುವ ತಾಯಿ ಮೊದಲ ಪಂಕ್ತಿಯಲ್ಲಿ ಉಣ್ಣಲಿ.

ಮನೆಮಂದಿಯ ವಿಹಾರ

ತಾಯಿಯ ಓಟವು ಅವಳೊಬ್ಬಳ ಚಟುವಟಿಕೆಯಾಗಿ ಉಳಿಯಬೇಕಾಗಿಲ್ಲ. ಕಲ್ಯಾಣ ಕರ್ನಾಟಕದಲ್ಲಿಯೂ ವಿಜಯಪುರದ ಕಡೆಯಲ್ಲಿಯೂ ಎಳ್ಳಮಾವಾಸ್ಯೆಯ ದಿನ ಮನೆಗೆ ಮನೆಯೇ ಹೊಲಕ್ಕೆ ನಡೆಯುತ್ತದೆ. ಹಿಂಗಾರಿ ಜೋಳ ಎದೆಯೆತ್ತರ ಬೆಳೆದಿರುತ್ತದೆ, ಕಡಲೆ, ಕುಸುಬೆಗಳು ಹಸಿರಾಗಿರುತ್ತವೆ. ಚರಗ ಚೆಲ್ಲಿ, ಭೂಮಿತಾಯಿಗೆ ನಮಿಸಿ, ಸಜ್ಜೆರೊಟ್ಟಿ, ಭಜ್ಜಿಪಲ್ಯ, ಶೇಂಗಾ ಹೋಳಿಗೆಗಳನ್ನು ಎಲ್ಲರೂ ಬದುವಿನ ಮೇಲೆ ಕುಳಿತು ಉಣ್ಣುತ್ತಾರೆ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಬಿಸಿಲಿನಲ್ಲಿ ನಡೆಯುವ ಈ ಹಬ್ಬವೇ ನಮ್ಮ ನಾಡಿನ ಅತ್ಯುತ್ತಮ ಚಳಿಗಾಲದ ವಿಹಾರ. ಈಗ ಅನೇಕರು ಹೊಲದ ಅಂಚಿನವರೆಗೆ ಕಾರಿನಲ್ಲಿಯೇ ಹೋಗುತ್ತಾರೆ. ಕೊನೆಯ ಒಂದೆರಡು ಕಿಲೋಮೀಟರನ್ನಾದರೂ ನಡೆದು ಹೋಗಬಹುದು.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ದಡದಲ್ಲಿ ನಿಂತು ಮಕ್ಕಳಿಗೆ ಅವನ್ನು ತೋರಿಸುವುದೇ ಒಂದು ಪಾಠ. ಬೀದರಿನ ಕೋಟೆ, ಬಾದಾಮಿಯ ಅಗಸ್ತ್ಯತೀರ್ಥದ ದಂಡೆ, ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮ, ಇವೆಲ್ಲ ಮನೆಮಂದಿ ಒಟ್ಟಿಗೆ ಅಡ್ಡಾಡಬಹುದಾದ ತಾಣಗಳು.

ಕೂಸನ್ನು ಕರೆದೊಯ್ಯುವಾಗ ಕೆಲವು ಸಂಗತಿಗಳನ್ನು ನೆನಪಿಡಬೇಕು. ಹಸುಗೂಸಿನ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ. ಎತ್ತಿಕೊಂಡು ನಡೆಯುವವರಿಗೆ ಸೆಕೆಯಾದರೂ ಅಲುಗದೆ ಕುಳಿತ ಕೂಸಿಗೆ ಚಳಿಯಾಗುತ್ತಿರಬಹುದು. ನಾವು ತೊಟ್ಟದ್ದಕ್ಕಿಂತ ಒಂದು ಪದರ ಹೆಚ್ಚು ತೊಡಿಸಿದರೆ ಸಾಕು. ನಾಲ್ಕೈದು ಪದರ ಸುತ್ತಿದರೆ ಬೆವರಿ, ಆ ಬೆವರಿನಿಂದಲೇ ತೊಂದರೆಯಾಗುತ್ತದೆ. ಕೂಸಿನ ಕತ್ತಿನ ಹಿಂಭಾಗ ಮುಟ್ಟಿ ನೋಡಿದರೆ ಬೆಚ್ಚಗಿದೆಯೋ, ಬೆವರಿದೆಯೋ ತಿಳಿಯುತ್ತದೆ. ಬೈಕಿನಲ್ಲಿ ಗಂಡಹೆಂಡಿರ ನಡುವೆ ಕೂಸನ್ನಿಟ್ಟುಕೊಂಡು ಚಳಿಗಾಳಿಯಲ್ಲಿ ದೂರ ಹೋಗುವುದು ಬೇಡ, ಬಸ್ಸು ಹಿತ. ಎರಡು ಮೂರು ತಿಂಗಳು ತುಂಬದ ಕೂಸನ್ನು ಜಾತ್ರೆಯಂತಹ ಜನಸಂದಣಿಗೆ ಒಯ್ಯದಿರುವುದು ಲೇಸು. ಆರು ತಿಂಗಳೊಳಗಿನ ಕೂಸಿಗೆ ದಾರಿಯಲ್ಲಿಯೂ ಎದೆಹಾಲು ಸಾಕು, ನೀರು ಬೇಡ. ವರ್ಷ ತುಂಬದವರಿಗೆ ಜೇನುತುಪ್ಪ ನೆಕ್ಕಿಸಬಾರದು. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿರುವ ಶೇಂಗಾ, ಹುರಿಗಡಲೆ, ಕೊಬ್ಬರಿಯ ಚೂರುಗಳು ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಿಸಬಹುದು. ಸ್ವಲ್ಪ ದೊಡ್ಡ ಮಕ್ಕಳಿಗೆ ಪುಡಿ ಮಾಡಿ ಕೊಡಬೇಕು.

ನಲವತ್ತು ನಿಮಿಷಗಳ ಪ್ರಶ್ನೆ

ಇಷ್ಟೆಲ್ಲ ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ತಾಯಿ ಓಡಲು ಹೋದಾಗ ಕೂಸನ್ನು ನೋಡಿಕೊಳ್ಳುವವರು ಯಾರು? ವಾರಕ್ಕೆ ಮೂರು ದಿನ, ದಿನಕ್ಕೆ ನಲವತ್ತು ನಿಮಿಷ. ಗಂಡ ಅಷ್ಟು ಹೊತ್ತು ಕೂಸನ್ನೆತ್ತಿಕೊಂಡು ಅಂಗಳದ ಎಳೆಬಿಸಿಲಿನಲ್ಲಿ ಅಡ್ಡಾಡಿದರೆ ಅವನಿಗೂ ಮಗುವಿನ ನಂಟು ಬೆಳೆಯುತ್ತದೆ. ಅತ್ತೆಯೋ ಮಾವನೋ ಚಹಾದ ಪಾತ್ರೆ ಒಲೆಯ ಮೇಲಿಟ್ಟರೆ ಸೊಸೆ ನೆಮ್ಮದಿಯಿಂದ ಮರಳುತ್ತಾಳೆ. ವೈದ್ಯರು ಕೊಡಲಾಗದ, ಮನೆಯವರಷ್ಟೇ ಕೊಡಬಹುದಾದ ಔಷಧಿಯಿದು. ಮನೆಯಲ್ಲಿ ಇಬ್ಬರೇ ಇರುವವರು ನೆರೆಮನೆಯ ತಾಯಂದಿರೊಡನೆ ಸರದಿ ಮಾಡಿಕೊಳ್ಳಬಹುದು.

ಆ ಶಿಕ್ಷಕಿಯ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಆಕೆಯ ಒಪ್ಪಿಗೆ ಪಡೆದು ಅತ್ತೆಯವರನ್ನು ಒಳಗೆ ಕರೆದು ಎರಡೂ ಸಂಗತಿಗಳನ್ನು ತಿಳಿಸಿದೆವು. ಆ ಹಿರಿಯ ಜೀವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಹಿಂಗ ಆಗಿತ್ತವ್ವಾ. ಮೂವತ್ತು ವರ್ಷ ಆತು, ಇನ್ನೂ ಕೆಮ್ಮಿದ್ರ ಅಂಜಿಕಿ" ಎಂದು ಸೊಸೆಯ ಕೈ ಹಿಡಿದರು. ಅಂದಿನಿಂದ ಅತ್ತೆ ಸೊಸೆಯರಿಬ್ಬರೂ ಜೊತೆಯಾಗಿ ಆ ಅಭ್ಯಾಸವನ್ನು ಆರಂಭಿಸಿದರು. ಯುಗಾದಿಯ ಹೊತ್ತಿಗೆ ಸೊಸೆ ಮತ್ತೆ ಮೆಲ್ಲಗೆ ಓಡತೊಡಗಿದರು. ಈ ಚಳಿಗಾಲದಲ್ಲಿ ಅವರು ಕೆರೆಯ ದಂಡೆಯಲ್ಲಿ ಓಡುವಾಗ ಅತ್ತೆಯವರು ಮೊಮ್ಮಗುವಿನ ಬೆರಳು ಹಿಡಿದು ಹಿಂದೆ ನಡೆಯುತ್ತಾರೆ. ಅವರ ಅಂಜಿಕೆಯೂ ಬಹಳಷ್ಟು ಕಡಿಮೆಯಾಗಿದೆ.

ನಮ್ಮ ಓದುಗ ಬಂಧುಗಳ ಮನೆಗಳಲ್ಲಿಯೂ ಇಂತಹ ತಾಯಂದಿರಿದ್ದಾರೆ. ಈ ಚಳಿಗಾಲದಲ್ಲಿ ಅವರನ್ನು ಒಮ್ಮೆ ಕೇಳಿರಿ: ಹೊರಗೆ ಹೋಗಬೇಕೆನಿಸುತ್ತದೆಯೇ, ಮೈಯಲ್ಲಿ ಏನಾದರೂ ತೊಂದರೆಯಿದೆಯೇ ಎಂದು. ಕೇಳಿ, ಉತ್ತರ ಬರುವವರೆಗೆ ತಾಳ್ಮೆಯಿಂದ ಕಾಯಿರಿ. ಎಲ್ಲ ತಾಯಂದಿರಿಗೂ ಮಕ್ಕಳಿಗೂ ಆರೋಗ್ಯ ಲಭಿಸಲಿ.